ಏಳನೇ ಕೊಕ್ಕೆ

ಏಳನೇ ಕೊಕ್ಕೆ ಖಾಲಿ — ಅಲ್ಲ, ಇರು, ಸರಿಯಾಗಿ ನೋಡು, ಐದರಲ್ಲಿ ಕಪ್ ಇದೆ, ಆರರಲ್ಲಿ ಇದೆ, ಎಂಟರಲ್ಲೂ ಇದೆ, ನಡುವೆ ಬರೀ ಗೋಡೆ, ಗೋಡೆಯ ಮೇಲೆ ಎರಡು ವರ್ಷ ಕಪ್ ಒರಗಿ ಒರಗಿ ಆದ ಕಂದು ಕಲೆ, ಕಲೆ ಇದೆ ಕಪ್ ಇಲ್ಲ, ಸಿಂಕಿನಲ್ಲಿರಬಹುದು, ಇಲ್ಲ, ಅಲ್ಲಿ ಒಂದು ಚಮಚ ಬಿಟ್ಟರೆ ಏನೂ ಇಲ್ಲ, ಅವನ ಮೇಜಿನ ಮೇಲೆ, ಅದನ್ನೂ ಬರುವಾಗಲೇ ನೋಡಿದೆ, ಬೆಳಿಗ್ಗೆ ಬಾಗಿಲು ದಾಟಿದ ಕೂಡಲೇ ಎಲ್ಲರ ಮೇಜನ್ನೂ ಕಣ್ಣಲ್ಲೇ ಒಂದು ಸಲ ಗುಡಿಸಿಕೊಂಡು ಬರುವುದು ನನ್ನ ಅಭ್ಯಾಸ, ತಂತಿಯ ಸುರುಳಿ, ಬೆಸುಗೆ ಹಾಕುವ ಕಡ್ಡಿ, ಮುಚ್ಚಳ ಬಿಚ್ಚಿಟ್ಟ ಎರಡು ಪೆಟ್ಟಿಗೆ, ಕಪ್ ಇಲ್ಲ. ರಿಪೇರಿ ಹೊರಟ, ಏಳನೇ ನಂಬರಿನವನು, ನಾವೆಲ್ಲ ಅವನನ್ನು ಕರೆಯುವುದೇ ಹಾಗೆ. ಈ ಕಚೇರಿಯಲ್ಲಿ ಯಾರೂ ಕಪ್ಪನ್ನು ಮನೆಗೆ ಒಯ್ಯುವುದಿಲ್ಲ, ಒಯ್ದರೆ ಅದಕ್ಕೆ ಒಂದೇ ಅರ್ಥ, ಹೊಸಬರು ಸೇರಿದ ದಿನ ಕ್ಯಾಪ್ಟನ್ — ಕಂಪನಿ ಕಟ್ಟಿದವನು, ಮೂವತ್ತೊಂದು ವರ್ಷದವನು, ಎಲ್ಲರಿಂದಲೂ ಹಾಗೇ ಕರೆಸಿಕೊಳ್ಳುತ್ತಾನೆ — ತಾನೇ ಕುಂಚ ಹಿಡಿದು ಬಿಳಿ ಕಪ್ಪಿನ ಮೇಲೆ ನೀಲಿ ಬಣ್ಣದಲ್ಲಿ ಅವರ ನಂಬರ್ ಬರೆದು ಕೊಕ್ಕೆಗೆ ಹಾಕುತ್ತಾನೆ, ಬಿಟ್ಟು ಹೋಗುವವರು ಕೊನೆಗೆ ತಾವೇ ಅದನ್ನು ತೆಗೆದುಕೊಂಡು ಹೋಗಬೇಕು, ಆ ನಂಬರ್ ಮತ್ತೆ ಯಾರಿಗೂ ಇಲ್ಲ, ಕೊಕ್ಕೆ ಖಾಲಿಯೇ ಉಳಿಯುತ್ತದೆ. ಇದು ನನ್ನದೇ ಐಡಿಯಾ, ಮಹಾ ಬುದ್ಧಿವಂತೆ ನಾನು, ಖಾಲಿ ಕೊಕ್ಕೆ ನೋಡಿ ಉಳಿದವರಿಗೆ ಕಾಲು ಕೀಳಲು ಮನಸ್ಸು ಬರದಿರಲಿ ಅಂತ ಮಾಡಿದ್ದು, ಈಗ ದಿನಾ ಬೆಳಿಗ್ಗೆ ಅದರ ಮುಂದೆ ನಿಂತು ಲೆಕ್ಕ ಹಾಕುವುದು ನಾನೊಬ್ಬಳೇ. ನಾಲ್ಕು ಹೋಯಿತು, ಒಂಬತ್ತು ಹೋಯಿತು, ಹತ್ತು ಹೋಯಿತು, ಈಗ ಏಳು.

ರಿಪೇರಿ ಹೊರಟರೆ ಕಥೆ ಮುಗಿಯಿತು, ಸುಮ್ಮನೆ ಮಾತಿಗೆ ಹೇಳುತ್ತಿರುವುದಲ್ಲ, ಲಸಿಕೆ ಸಾಗಿಸುವ ತಂಪು ಲಾರಿಗಳಲ್ಲಿ ಕೂರಿಸುವ ಅಂಗೈಯಗಲದ ಪೆಟ್ಟಿಗೆ ನಮ್ಮದು, ಒಳಗೆ ಬಿಸಿ ಏರಿದರೆ ಡ್ರೈವರನ ಫೋನಿನಲ್ಲಿ ಬಡಿದುಕೊಳ್ಳುತ್ತದೆ, ಅದರ ಹೊಟ್ಟೆಯಲ್ಲಿ ಏನೇನಿದೆ ಅಂತ ಪೂರ್ತಿ ಗೊತ್ತಿರುವುದು ಅವನೊಬ್ಬನಿಗೇ, ಪೆಟ್ಟಿಗೆ ಅಂತಲ್ಲ, ಕುರ್ಚಿಯ ಚಕ್ರದಿಂದ ಬಚ್ಚಲಿನ ಚಿಲಕದವರೆಗೆ ಕೆಟ್ಟದ್ದೆಲ್ಲ ಅವನ ಕೈಯಲ್ಲೇ ಸರಿಹೋಗುವುದು, ಅದಕ್ಕೇ ರಿಪೇರಿ ಅಂತ ಹೆಸರು ಬಿದ್ದದ್ದು, ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇದೆ. ಸೋಮವಾರ ಬಂಡವಾಳ ಹಾಕಿದವರು ನೋಡಲು ಬರುತ್ತಾರೆ, ಮೊನ್ನೆ ಕ್ಯಾಪ್ಟನ್ ಗಾಜಿನ ಕೋಣೆಗೆ ಕರೆದು ಕೂರಿಸಿ ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಹೇಳಿದ, ಎರಡು ತಿಂಗಳಲ್ಲಿ ಮೂವರು ಹೋದ್ರು ಮೇಡಂ, ಇನ್ನೊಬ್ರು ಹೋದ್ರೆ ಅವರು ಬಾಗಿಲು ಮುಚ್ಚಿ ಅಂತಾರೆ, ಅದ್ರಲ್ಲೂ ರಿಪೇರಿ ಹೋದ್ರೆ ಅವರು ಹೇಳೋದೇ ಬೇಡ, ನಾನೇ ಮುಚ್ತೀನಿ. ನಾವೆಲ್ಲ ಒಂದೇ ಮನೆಯವರು ಅಂತ ಪ್ರತಿ ಮೀಟಿಂಗಿನಲ್ಲೂ ಹೇಳುವವನು, ಆ ಮನೆಯಿಂದ ಮೂವರು ಹೇಳದೆ ಕೇಳದೆ ಎದ್ದು ಹೋದಾಗ ಅದು ಜನರ ವಿಭಾಗದ ತಪ್ಪು, ಜನರ ವಿಭಾಗ ಅಂದರೆ ನಾನು, ಮುಖ್ಯಸ್ಥೆಯೂ ನಾನೇ ಸಿಬ್ಬಂದಿಯೂ ನಾನೇ. ಹುಡುಕಿ ತರುವುದೂ ನನ್ನ ಕೆಲಸ, ತಂದವರನ್ನು ಹಿಡಿದಿಡುವುದೂ ನನ್ನ ಕೆಲಸ, ಹೋಗುವವರ ಮುಖ ಹೋಗುವ ಮೊದಲೇ ಓದುವುದೂ ನನ್ನದೇ ಕೆಲಸ ಅಂತ ನಾನೇ ಸೇರಿಸಿಕೊಂಡಿದ್ದೇನೆ, ಅದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ, ಅಮ್ಮ ಕಲಿಸಿದ್ದಾಳೆ, ಅಪ್ಪ ಕೆಲಸ ಬಿಡುವ ವಾರ ಬೂಟಿಗೆ ಪಾಲಿಶ್ ಹಾಕುತ್ತಿದ್ದ, ಅಡುಗೆಮನೆಯಲ್ಲಿ ನಿಂತೇ ಅಮ್ಮನಿಗೆ ವಾಸನೆ ಬರುತ್ತಿತ್ತು, ನೋಡು ನಿಮ್ಮಪ್ಪ ಮತ್ತೆ ಹೊಸ ಕೆಲಸ ನೋಡ್ತಿದ್ದಾನೆ, ಶನಿವಾರ ಬಂದು ಹೇಳ್ತಾನೆ ನೋಡ್ತಿರು, ಶನಿವಾರ ಅಪ್ಪ ಬಂದು ಹೇಳುತ್ತಿದ್ದ. ಮೂರು ಸಲ ಹೇಳಿದ್ದಾಳೆ, ಮೂರು ಸಲವೂ ಸರಿ, ನಾಲ್ಕನೇ ಸಲ — ನಾಲ್ಕನೆಯದು ಬೇಡ, ಅದು ಬೇರೆ ವಿಷಯ, ಈಗ ಅದು ಯಾಕೆ.

ಮತ್ತೆ ಇವನದೂ ಒಂದೆರಡಲ್ಲವಲ್ಲ, ಹೋದ ಸೋಮವಾರ ಇಸ್ತ್ರಿ ಮಾಡಿದ ಅಂಗಿ, ಯಾರು, ರಿಪೇರಿ, ಎರಡು ವರ್ಷದಿಂದ ಕತ್ತಿನ ಪಟ್ಟಿ ಹರಿದ ಒಂದೇ ಬನೀನಿನಂಥದ್ದನ್ನು ತಿರುಗಿಸಿ ಮುರುಗಿಸಿ ಹಾಕುತ್ತಿದ್ದವನು, ತೋಳಿನ ಮೇಲೆ ಗೆರೆ ಬಿದ್ದಿತ್ತು, ಬೆರಳಿಟ್ಟರೆ ಕುಯ್ಯಬೇಕು ಹಾಗೆ, ಏನ್ರೀ ಇವತ್ತು ವಿಶೇಷ ಅಂದೆ, ಏನಿಲ್ಲ ಮೇಡಂ ಮನೇಲಿ ಮಾಡಿಕೊಟ್ರು ಅಂದ, ಮನೆಯಲ್ಲಿ ಮಾಡಿಕೊಟ್ಟರಂತೆ, ಅದೂ ದಿನಾ, ಇಂಟರ್‌ವ್ಯೂಗೆ ಹೋಗುವವರ ಮನೆಯಲ್ಲೆಲ್ಲ ಮಾಡಿಕೊಡುತ್ತಾರೆ. ಆಮೇಲೆ ಟೆರೇಸಿನ ಫೋನು, ಬಂದ ಕೂಡಲೇ ಎದ್ದು ಮೆಟ್ಟಿಲು ಹತ್ತುತ್ತಾನೆ, ನಮ್ಮ ಕಿವಿಗೆ ಬೀಳಬಾರದ ಮಾತು ಏನಿರುತ್ತದೆ. ಮಗಳು ಬರೆದ ಆನೆಯ ಚಿತ್ರ ಮೇಜಿನ ಮುಂದಿನ ಗೋಡೆಯಲ್ಲಿತ್ತು, ಈಗ ನಾಲ್ಕು ಅಂಟಿನ ಗುರುತು ಇದೆ. ಎಲ್ಲಕ್ಕಿಂತ ಮೇಲೆ ಆ ಹನ್ನೆರಡು ಪುಟ, ಪೆಟ್ಟಿಗೆಯನ್ನು ಬಿಚ್ಚುವುದು ಹೇಗೆ, ಬಿಸಿಯ ಅಳತೆ ತಪ್ಪಿದರೆ ಸರಿಮಾಡುವುದು ಹೇಗೆ, ಯಾವ ತಂತಿ ಯಾವುದಕ್ಕೆ, ಎಲ್ಲ ನೀಟಾಗಿ ಬರೆದು ಎಲ್ಲರಿಗೂ ಕಾಣುವಲ್ಲಿ ಹಾಕಿದ್ದಾನೆ, ಮನುಷ್ಯ ತನ್ನ ತಲೆಯಲ್ಲಿರುವುದನ್ನು ಯಾವಾಗ ಬರೆದಿಡುತ್ತಾನೆ, ಜಾಗ ಖಾಲಿ ಮಾಡುವಾಗ, ನಾಲ್ಕನೇ ನಂಬರಿನವನೂ ಹಾಗೇ ಮಾಡಿದ್ದ, ಹಿಂದೆ ಉಳಿದವರಿಗೆ ತೊಂದರೆ ಆಗಬಾರದು ಅಂತ, ಏನು ಒಳ್ಳೆಯತನ, ಬೆನ್ನ ಹಿಂದೆ ಎಲ್ಲ ಮಾಡಿಕೊಂಡು ಮುಂದೆ ಒಳ್ಳೆಯತನ.

ಹೂಂ, ಬೆನ್ನ ಹಿಂದೆ ನಾನೂ ಮಾಡಿದ್ದೇನೆ, ಇಲ್ಲ ಅನ್ನುವುದಿಲ್ಲ, ಆದರೆ ಮೊದಲು ಶುರು ಮಾಡಿದ್ದು ಅವನು, ಅಂಗಿ ನೋಡಿದ ದಿನವೇ ನಾನು ಜಾಹೀರಾತು ಹಾಕಿದೆ, ಕಂಪನಿಯ ಹೆಸರಿಲ್ಲದ್ದು, ಬೇಕಾಗಿದ್ದಾರೆ, ಸಣ್ಣ ಸಾಧನಗಳನ್ನು ಬಿಚ್ಚಿ ಕಟ್ಟಬಲ್ಲವರು, ಒಂಬತ್ತು ಅರ್ಜಿ ಬಂದವು, ನಾನು ಮೊದಲ ಪುಟ ಮಾತ್ರ ಓದುತ್ತೇನೆ, ಎರಡನೇ ಪುಟದಲ್ಲಿ ಎಲ್ಲರೂ ಒಂದೇ ಥರ, ಹವ್ಯಾಸ ಓದುವುದು, ನನ್ನ ಬಗ್ಗೆ ವಿಚಾರಿಸಬೇಕಾದರೆ ಇವರಿಗೆ ಫೋನ್ ಮಾಡಿ, ಮಾಡಿದರೆ ಅವರೂ ಹೊಗಳುತ್ತಾರೆ, ಯಾಕೆ ಸಮಯ ಹಾಳು. ಒಬ್ಬಾಕೆ ಸಿಕ್ಕಿದ್ದಾಳೆ, ಇವತ್ತು ಹನ್ನೊಂದಕ್ಕೆ ಎದುರಿನ ಕಾಫಿ ಅಂಗಡಿಯಲ್ಲಿ, ಕ್ಯಾಪ್ಟನ್‌ಗೂ ಹೇಳಿಲ್ಲ, ಹೇಳಿದರೆ ಸೋಮವಾರದವರೆಗೆ ಅವನ ಬಾಯಲ್ಲಿ ಏನೂ ನಿಲ್ಲುವುದಿಲ್ಲ. ಏನು ತಪ್ಪು, ಬೆಂಕಿ ಬಿದ್ದ ಮೇಲೆ ನೀರು ಹುಡುಕುವುದಕ್ಕಿಂತ ಒಂದು ಬಕೆಟ್ ತುಂಬಿಸಿಟ್ಟುಕೊಂಡರೆ ಏನು ತಪ್ಪು, ಆದರೂ ಅವನ ಹೆಂಡತಿಯ ಮುಖ ಯಾಕೆ ಕಣ್ಣ ಮುಂದೆ ಬರಬೇಕು, ಎರಡು ವರ್ಷದ ಹಿಂದೆ ಅವರ ಮನೆಗೆ ಹೋಗಿದ್ದೆ, ದೊಡ್ಡ ಕಾರ್ಖಾನೆಯಲ್ಲಿ ಹದಿನಾರು ವರ್ಷದ ಕೆಲಸ ಬಿಟ್ಟು ಹನ್ನೆರಡು ಜನವೂ ಇಲ್ಲದ ಕಂಪನಿಗೆ ಬರುವುದಕ್ಕೆ ಅವನಿಗೆ ಮನಸ್ಸಿತ್ತು, ಆಕೆಗೆ ಇರಲಿಲ್ಲ, ಬಟ್ಟೆ ಮಡಚುತ್ತಾ ನನ್ನ ಕಡೆ ನೋಡದೆ ಕೇಳಿದಳು, ನಾಳೆ ನಿಮಗೆ ಇವರು ಬೇಡ ಅನ್ನಿಸಿದ್ರೆ, ನಾನು ಏನಂದೆ, ಏನಂದೆನೋ ಚೆನ್ನಾಗಿ ನೆನಪಿದೆ, ನೋಡಿಮ್ಮಾ, ಏನೇ ಬರಲಿ, ಮೊದಲು ಇವರ ಮುಖಕ್ಕೇ ಹೇಳ್ತೀನಿ, ಬೇರೆಯವರ ಬಾಯಿಂದ ಕೇಳೋ ಹಾಗೆ ಮಾಡಲ್ಲ. ಆಕೆ ಕೈಯಲ್ಲಿದ್ದ ಅಂಗಿ ಕೆಳಗಿಟ್ಟು ನನ್ನನ್ನು ನೋಡಿದಳು, ಆ ಮಾತಿಗೇ ಒಪ್ಪಿದ್ದು, ಸಂಬಳಕ್ಕಲ್ಲ. ಸರಿ, ಈಗ ಬೇಡ ಅಂತ ಯಾರು ಹೇಳಿದರು, ಬೇಡ ಅಂದದ್ದು ನಾನಲ್ಲ, ಕಪ್ ತೆಗೆದುಕೊಂಡು ಹೋದದ್ದು ಅವನು.

ಬಂದ, ಹತ್ತು ಗಂಟೆ ಐದು ನಿಮಿಷ, ಅದೇ ಗೆರೆ ಬಿದ್ದ ಅಂಗಿ, ಹೆಗಲಲ್ಲಿ ಬಟ್ಟೆಯ ಚೀಲ, ನೇರ ತನ್ನ ಜಾಗಕ್ಕೆ ಹೋಗುವವನು ನನ್ನ ಮೇಜಿನ ಹತ್ತಿರ ನಿಂತ, ಯಾಕೆ ನಿಂತ, ಮುಖ ಬಾಡಿದೆ, ಕಣ್ಣು ಕೆಂಪಗಿದೆ, ನಿದ್ದೆ ಕೆಟ್ಟಿದ್ದಾನೆ, ರಾಜೀನಾಮೆ ಕೊಡುವವರಿಗೆ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ, ಇದೂ ನನಗೆ ಗೊತ್ತು. ಮೇಡಂ, ನನ್ನ ಹತ್ರ ಏನಾದ್ರೂ ಹೇಳೋದಿತ್ತಾ ಅಂದ. ನೋಡು, ಹೇಗೆ ಕೆದಕುತ್ತಾನೆ, ತಾನು ಹೇಳಬೇಕಾದ್ದನ್ನು ನನ್ನ ಬಾಯಿಂದ ಹೊರಡಿಸುವುದಕ್ಕೆ ನೋಡುತ್ತಾನೆ, ನಾನೇನು ನಿನ್ನೆ ಹುಟ್ಟಿದವಳೇ, ಇಲ್ವಲ್ಲಾ ಯಾಕೆ ಅಂದೆ, ಅಂದು ಫೋನ್ ಕಿವಿಗಿಟ್ಟುಕೊಂಡೆ, ಆ ಕಡೆ ಯಾರೂ ಇರಲಿಲ್ಲ, ಹಲೋ ಹಲೋ ಅಂತ ಖಾಲಿ ಫೋನಿಗೆ ಎರಡು ಸಲ ಅಂದೆ, ಅವನು ಇನ್ನೂ ಒಂದು ಗಳಿಗೆ ನಿಂತಿದ್ದ, ಆಮೇಲೆ ಸರಿ ಮೇಡಂ ಅಂದು ಹೋದ. ಮಧ್ಯಾಹ್ನದೊಳಗೆ ಕಾಗದ ಕೊಡುತ್ತಾನೆ, ಕೊಡಲಿ, ಅಷ್ಟರಲ್ಲಿ ನನ್ನ ಕೈಯಲ್ಲೂ ಒಬ್ಬಳು ಇರುತ್ತಾಳೆ.

ಕಾಫಿ ಅಂಗಡಿಯಲ್ಲಿ ಗೋಡೆಯ ಕಡೆಯ ಮೇಜು, ನಮ್ಮ ಕಿಟಕಿಗೆ ಬೆನ್ನು, ಬೆಕ್ಕಿನ ಹಾಗೆ ಒಳಗೆ ಬಂದು ಕೂತೆ, ಆಕೆ ಆಗಲೇ ಬಂದಿದ್ದಾಳೆ, ಮೂವತ್ತೈದು ಇರಬಹುದು, ಕೆಂಪು ಚೀಲ, ಚೀಲದೊಳಗಿಂದ ತಾನೇ ಮಾಡಿದ ಸಣ್ಣ ಪೆಟ್ಟಿಗೆಯೊಂದನ್ನು ತೆಗೆದಿಟ್ಟಳು, ಕಾಫಿ ಬರುವುದರೊಳಗೆ ಬಿಚ್ಚಿ ತೋರಿಸಿದಳು, ಬೆರಳು ನೋಡಿದೆ, ತುದಿಯಲ್ಲಿ ಸುಟ್ಟ ಹಳೆಯ ಕಲೆ, ರಿಪೇರಿಯ ಬೆರಳಲ್ಲೂ ಇದೆ ಅಂಥದ್ದು, ಇವಳು ಸುಳ್ಳಿನವಳಲ್ಲ, ಆದರೂ ಇರಲಿ ಅಂತ ಕೇಳಿದೆ, ಈಗಿನ ಕೆಲಸ ಯಾಕೆ ಬಿಡ್ತೀರಿ, ಅಲ್ಲಿ ಕಲಿಯೋದು ಮುಗೀತು ಮೇಡಂ ಅಂದಳು, ನಮ್ಮಲ್ಲಿ ಕಲಿಯೋದು ಮುಗಿದ್ರೆ ನಮ್ಮನ್ನೂ ಬಿಡ್ತೀರಲ್ಲ ಅಂದೆ, ನಕ್ಕಳು, ನಾನೂ ನಕ್ಕೆ, ಬಾಯಲ್ಲಿ ಮಾತ್ರ. ಬೆಸುಗೆ ಹಾಕೋದು ಯಾರು ಕಲಿಸಿದ್ದು ಅಂದೆ. ಅದನ್ನೇ ಬರೆದಿದ್ದೀನಲ್ಲ ಮೇಡಂ, ಎರಡನೇ ಪುಟದಲ್ಲಿ, ಹಳೇ ಕಾರ್ಖಾನೆಯಲ್ಲಿ ನಾಲ್ಕು ವರ್ಷ ಅವರ ಕೈಕೆಳಗಿದ್ದೆ, ಅಂದು ಒಂದು ಹೆಸರು ಹೇಳಿದಳು. ಎಲ್ಲೋ ಕೇಳಿದ ಹೆಸರು, ಯಾರಪ್ಪಾ ಇದು, ಎಲ್ಲಿ ನೋಡಿದ್ದೇನೆ, ಸಂಬಳದ ಪಟ್ಟಿಯಲ್ಲಿ, ಏಳನೇ ಸಾಲಿನಲ್ಲಿ, ನೇಮಕದ ಪತ್ರದಲ್ಲಿ ನಾನೇ ಟೈಪ್ ಮಾಡಿದ ಹೆಸರು. ಕಾಫಿ ಲೋಟ ಕೆಳಗಿಟ್ಟೆ. ಆಕೆ ಹೇಳುತ್ತಲೇ ಇದ್ದಾಳೆ, ಯಾರಾದ್ರೂ ವಿಚಾರಿಸೋಕೆ ಫೋನ್ ಮಾಡಬಹುದು ಅಂತ ನಿನ್ನೆ ಸಂಜೆ ಅವರಿಗೆ ತಿಳಿಸಿದೆ, ಈಗೆಲ್ಲಿದ್ದಾರೋ ಗೊತ್ತಿಲ್ಲ, ಮಾತಾಡಿ ಮೂರು ವರ್ಷ ಆಗಿತ್ತು, ಯಾವ ಕಂಪನಿ ಅಂತ ಕೇಳಿದ್ರು, ಹೆಸರು ಹೇಳಿಲ್ಲ, ಲಸಿಕೆ ಲಾರಿಗೆ ಪೆಟ್ಟಿಗೆ ಮಾಡ್ತಾರಂತೆ, ಹನ್ನೊಂದು ಜನ ಇದ್ದಾರಂತೆ, ಮೇಡಂ ಒಬ್ರು ಫೋನಲ್ಲಿ ಬಡಬಡ ಅಂತ ಮಾತಾಡಿದ್ರು ಅಂದೆ — ಅಯ್ಯೋ ಕ್ಷಮಿಸಿ — ಎಷ್ಟು ಜನ ಅಂದೆ ಅಂತ ಅವರು ಇನ್ನೊಂದು ಸಲ ಕೇಳಿದ್ರು. ಆಮೇಲೆ ಅಂದ್ರು, ಹೋಗು, ಒಳ್ಳೇ ಜಾಗ, ಆ ಮೇಡಂ ಒಳ್ಳೆಯವರು.

ರಸ್ತೆ ದಾಟಿದ್ದು ಗೊತ್ತಾಗಲಿಲ್ಲ, ಯಾರೋ ಹಾರ್ನ್ ಹೊಡೆದು ಬೈದ, ಬೈಯಲಿ, ಗೊತ್ತಾಗಿದೆ ಅವನಿಗೆ, ನಿನ್ನೆ ಸಂಜೆಯೇ ಗೊತ್ತಾಗಿದೆ, ಗೊತ್ತಿದ್ದೇ ಬೆಳಿಗ್ಗೆ ನನ್ನ ಮೇಜಿನ ಮುಂದೆ ನಿಂತು ಕೇಳಿದ, ನನ್ನ ಹತ್ರ ಏನಾದ್ರೂ ಹೇಳೋದಿತ್ತಾ, ನಾನು ಖಾಲಿ ಫೋನಿಗೆ ಹಲೋ ಹಲೋ ಅಂದೆ, ಥೂ ನನ್ನ ಮುಖಕ್ಕಿಷ್ಟು. ಇರು, ಇರು, ಕಪ್ ಒಯ್ದದ್ದು ಯಾವಾಗ, ನಿನ್ನೆ ಸಂಜೆ ಆರಕ್ಕೆ ನಾನು ಹೊರಡುವಾಗ ಅವನ ಕುರ್ಚಿ ಖಾಲಿ, ಅವನು ನನಗಿಂತ ಮೊದಲೇ ಹೊರಟಿದ್ದ, ಈಕೆ ಫೋನ್ ಮಾಡಿದ್ದು ಏಳಕ್ಕೋ ಎಂಟಕ್ಕೋ, ಅಂದರೆ ಫೋನಿಗಿಂತ ಮೊದಲೇ ಕಪ್ ಒಯ್ದಿದ್ದಾನೆ, ಅಂದರೆ ಹೊರಡುವ ಯೋಚನೆ ಮೊದಲೇ ಇತ್ತು, ಅಂದರೆ ನನ್ನ ಅನುಮಾನ ಸರಿ, ಸರಿಯಾಗಿದ್ದರೆ ಸಾಕು ದೇವರೇ, ಸರಿಯಾಗಿದ್ದರೆ ನಾನು ಮಾಡಿದ್ದು ತಪ್ಪಲ್ಲ, ಇಬ್ಬರದೂ ಸಮ. ಲಿಫ್ಟಿನ ಬಾಗಿಲು ಮುಚ್ಚುವುದೇ ಇಲ್ಲ, ಒತ್ತು, ಇನ್ನೊಂದು ಸಲ ಒತ್ತು, ಕನ್ನಡಿಯಲ್ಲಿ ಅಮ್ಮನ ಮುಖ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾಳೆ, ನಾಲ್ಕನೇ ಸಲ, ಅಪ್ಪ ಪಾಲಿಶ್ ಹಾಕುತ್ತಿದ್ದ, ನನ್ನ ಶಾಲೆಯಲ್ಲಿ ಬಹುಮಾನ ಕೊಡುವ ದಿನ, ಅಪ್ಪ ಬರುತ್ತೇನೆ ಅಂದಿದ್ದ, ಪಾಲಿಶ್ ಅದಕ್ಕೇ, ಅದು ನನಗೆ ಮಾತ್ರ ಗೊತ್ತಿತ್ತು, ಅಮ್ಮ ಶುರು ಮಾಡಿದಳು, ಇನ್ನೆಷ್ಟು ಕೆಲಸ ಬಿಡ್ತೀಯಾ, ಮಕ್ಕಳು ಮರಿ ಏನೂ ನೆನಪಿಲ್ವಾ, ಅಪ್ಪ ಒಂದು ಬೂಟು ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದ, ನಾನೂ ಹೇಳಲಿಲ್ಲ, ಹೇಳಬಹುದಿತ್ತು, ಅವನು ಶಾಲೆಗೆ ಬರಲಿಲ್ಲ. ಮೂರನೇ ಮಹಡಿ.

ಏಳನೇ ಕೊಕ್ಕೆಯಲ್ಲಿ ಕಪ್ ಇದೆ. ಕಂದು ಕಲೆಯ ಮೇಲೆ ಸರಿಯಾಗಿ ಒರಗಿಕೊಂಡು, ನೀಲಿ ಏಳು ಹೊರಗಡೆಗೆ, ಕ್ಯಾಪ್ಟನ್ ಬರೆದ ಸೊಟ್ಟ ಏಳು, ಇದೆ. ಮುಟ್ಟಿದೆ, ನಿಜವಾಗಿಯೂ ಇದೆ, ಹಿಡಿ ಕಪ್ಪಿಗೆ ಸೇರುವಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ, ಮೇಲೊಂದು ಕೆಳಗೊಂದು, ಉಗುರಿಗೆ ತಾಗುತ್ತದೆ, ಅಂಟು ಹಾಕಿದ ಗೆರೆ, ಹಾಗಾದರೆ, ಹಾಗಾದರೆ ಅದಕ್ಕೆ. ಗಟ್ಟಿಯಾಗಿದೆ ಮೇಡಂ, ಹೆದರಬೇಡಿ ಅಂತು ಹಿಂದಿನಿಂದ ಅವನ ದನಿ, ತಿರುಗಿದೆ, ಕೈಯಲ್ಲಿ ನೀರಿನ ಲೋಟ, ಅಲ್ಲೇ ಬಾಗಿಲಿಗೆ ಒರಗಿ ನಿಂತಿದ್ದಾನೆ, ನಿನ್ನೆ ತೊಳೆಯೋವಾಗ ಹಿಡಿ ಕಳಚಿ ಬಂತು, ಅಂಟು ಮನೇಲಿತ್ತು. ನಾನು ಏನಾದರೂ ಹೇಳಬೇಕಿತ್ತು, ಹೇಳಿದ್ದು ಏನು, ಅಂಗಿ ಅಂದೆ, ಇಸ್ತ್ರಿ ಅಂದೆ, ಮತ್ತೆ ಆ ಹನ್ನೆರಡು ಪುಟ ಯಾಕೆ ಬರೆದ್ರಿ ಅಂದೆ, ಕಟಕಟೆಯಲ್ಲಿ ನಿಂತವಳು ನಾನು, ಆದರೂ ಪ್ರಶ್ನೆ ಕೇಳುತ್ತಿದ್ದವಳೂ ನಾನೇ. ಅವನಿಗೆ ಮೊದಲು ಅರ್ಥವಾಗಲಿಲ್ಲ, ಅರ್ಥವಾದ ಮೇಲೆ ನನ್ನನ್ನೇ ನೋಡಿದ, ನಮ್ಮತ್ತೆ ಬಂದಿದ್ದಾರೆ ಮೇಡಂ, ಕೈಗೆ ಸಿಕ್ಕಿದ್ದನ್ನೆಲ್ಲ ಇಸ್ತ್ರಿ ಮಾಡ್ತಾರೆ, ಒರೆಸೋ ಬಟ್ಟೆನೂ ಬಿಟ್ಟಿಲ್ಲ, ಆ ಪುಟ, ನೀವೇ ಹೇಳಿದ್ರಲ್ಲ, ಹೋದ ತಿಂಗಳು ಎಲ್ರಿಗೂ ಮೇಲ್ ಹಾಕಿದ್ರಿ, ನಿಮ್ಮ ನಿಮ್ಮ ಕೆಲಸ ಬರೆದಿಡಿ ಅಂತ. ಹಾಕಿದ್ದೆ. ಹತ್ತನೇ ನಂಬರಿನವಳು ಹೋದ ಸಿಟ್ಟಿನಲ್ಲಿ ಹಾಕಿದ್ದೆ, ಹಾಕಿ ಮರೆತಿದ್ದೆ, ಹನ್ನೊಂದು ಜನರಲ್ಲಿ ಬರೆದವನು ಇವನೊಬ್ಬ.

ಟೆರೇಸಿನ ಫೋನು ಯಾರದು ಅಂತ ಕೇಳಲಿಲ್ಲ, ಆನೆಯ ಚಿತ್ರ ಎಲ್ಲಿ ಹೋಯಿತು ಅಂತಲೂ ಕೇಳಲಿಲ್ಲ, ಕೇಳುವ ಮುಖ ಉಳಿದಿರಲಿಲ್ಲ, ತಪ್ಪಾಯ್ತು ಅಂದೆ, ತಪ್ಪಾಯ್ತು ರೀ, ನೀವು ಹೊರಟ್ರಿ ಅಂದುಕೊಂಡೆ, ಹೆದರಿದೆ, ಅವಳನ್ನ ಬೇಡ ಅಂತೀನಿ, ಈಗಲೇ ಫೋನ್ ಮಾಡ್ತೀನಿ. ಅವನು ಕೊಕ್ಕೆಯ ಕಡೆ ನೋಡುತ್ತಾ ಹೇಳಿದ, ಸಿಟ್ಟಿನ ದನಿಯಲ್ಲ, ಯಾವುದೋ ಪೆಟ್ಟಿಗೆ ಯಾಕೆ ಕೆಟ್ಟಿತು ಅಂತ ವಿವರಿಸುವಾಗ ಇರುತ್ತದಲ್ಲ ಆ ದನಿ, ಆ ಅಂಟು ಹಾಕಿದ್ಮೇಲೆ ಹತ್ತು ನಿಮಿಷ ಒತ್ತಿ ಹಿಡಿದೇ ಇರ್ಬೇಕು ಮೇಡಂ, ಮಧ್ಯ ಕೈ ಬಿಟ್ರೆ ಮತ್ತೆ ಕೂರಲ್ಲ, ಎರಡು ಕೈಯಲ್ಲೂ ಹಿಡ್ಕೊಂಡಿದ್ದೆ, ಆಗ ನನ್ನ ಹಳೇ ಶಿಷ್ಯೆಯ ಫೋನ್ ಬಂತು, ಮಗಳು ಓಡಿಬಂದು ಕಿವಿ ಹತ್ರ ಹಿಡಿದ್ಲು, ಆ ಕಡೆಯಿಂದ ಅವಳು ಹೇಳ್ತಾ ಹೋದ್ಲು, ಹನ್ನೊಂದು ಜನ ಅಂದಾಗ್ಲೇ ಗೊತ್ತಾಯ್ತು, ಹೆಂಡ್ತಿ ಎದುರಿಗೇ ಕೂತಿದ್ಲು, ಯಾರು, ಏನಂತೆ ಅಂತ ಸನ್ನೆ ಮಾಡ್ತಿದ್ಲು. ಇಷ್ಟು ಹೇಳಿ ನಿಲ್ಲಿಸಿ ನೀರು ಕುಡಿದ. ಕೈ ಬಿಡಲಿಲ್ಲ ಮೇಡಂ, ಹತ್ತು ನಿಮಿಷನೂ ಹಿಡಿದಿದ್ದೆ. ಮುಖಕ್ಕೇ ಹೇಳ್ತೀನಿ ಅಂದಿದ್ರಿ ಅಂತ ಹೆಂಡ್ತೀನೇ ನೆನಪು ಮಾಡಿದ್ಲು, ಹೇಳ್ತಾರೆ, ನಾಳೆ ಬೆಳಿಗ್ಗೆ ಕರೆದು ಹೇಳ್ತಾರೆ ಇರು ಅಂತ ಅವಳಿಗೆ ಅಂದೆ ನಾನು.

ಸೋಮವಾರ ಇರುತ್ತಾನಂತೆ, ಬಂದವರಿಗೆ ಪೆಟ್ಟಿಗೆ ಬಿಚ್ಚಿ ತೋರಿಸುತ್ತಾನಂತೆ, ಅಲ್ಲಿಂದ ಒಂದು ತಿಂಗಳು, ಆಮೇಲೆ ಹೊರಡುತ್ತಾನಂತೆ, ಕೆಂಪು ಚೀಲದವಳಿಗೆ ಕಲಿಸಬೇಕಾದ್ದು ಹೆಚ್ಚೇನಿಲ್ಲ, ಕೈ ಚೆನ್ನಾಗಿದೆ ಅವಳದು, ಎಲ್ಲವನ್ನೂ ಅವನೇ ಹೇಳಿದ, ನಾನು ಕೇಳಿಸಿಕೊಂಡೆ, ಸಂಬಳ ಹೆಚ್ಚಿಸುತ್ತೇನೆ ಅಂದೆ, ಕ್ಯಾಪ್ಟನ್ ಹತ್ತಿರ ಮಾತಾಡುತ್ತೇನೆ ಅಂದೆ, ನಿಮ್ಮ ಮನೆಗೆ ಬರುತ್ತೇನೆ, ನಿಮ್ಮ ಹೆಂಡತಿಗೆ ನಾನೇ ಹೇಳುತ್ತೇನೆ ಅಂದೆ, ಅದಕ್ಕೆ ಮಾತ್ರ ತಲೆಯಾಡಿಸಿದ, ಬೇಡ ಮೇಡಂ ಅಂದ. ಬೇರೆ ಕೆಲಸ ನಾನು ನೋಡ್ತಿರಲಿಲ್ಲ ಮೇಡಂ, ಇವತ್ತಿಂದ ನೋಡ್ಬೇಕು. ಲೋಟ ತೊಳೆದು ಬೋರಲು ಹಾಕಿದ, ಹೋಗುವಾಗ ಬಾಗಿಲಲ್ಲಿ ತಿರುಗಿ, ಆ ಕಪ್ ನಾನು ಒಯ್ಯಲ್ಲ ಮೇಡಂ, ಆಕೆಗೇ ಕೊಡಿ, ಹೊಸ ನಂಬರ್ ಯಾಕೆ, ಏಳೇ ಇರಲಿ. ಹೋದ. ಆಚೆ ಕುರ್ಚಿ ಎಳೆದ ಸದ್ದು, ಬೆಸುಗೆಯ ಹೊಗೆಯ ವಾಸನೆ, ಕೆಲಸಕ್ಕೆ ಕೂತ. ಕ್ಯಾಪ್ಟನ್ ಈಗ ಬಂದು ಕೇಳುತ್ತಾನೆ, ಕೊಕ್ಕೆ ನೋಡುತ್ತಾನೆ, ದಿನಾ ನೋಡುತ್ತಾನೆ, ನೋಡಿ ಹಲ್ಲು ಬಿಡುತ್ತಾನೆ, ಎಲ್ಲಾ ಇದ್ದಾರಲ್ಲ ಮೇಡಂ ಅನ್ನುತ್ತಾನೆ, ಹೌದು ಅನ್ನಬೇಕು, ಐದರಲ್ಲಿ ಇದೆ, ಆರರಲ್ಲಿ ಇದೆ, ಏಳರಲ್ಲಿ — ಏಳರಲ್ಲೂ ಇದೆ, ಹಿಡಿಯ ಮೇಲೊಂದು ಗೆರೆ ಕೆಳಗೊಂದು ಗೆರೆ, ಎರಡು ಕೈಯಲ್ಲಿ ಒತ್ತಿ ಹಿಡಿದಿದ್ದಾನೆ, ಮಗಳು ಕಿವಿಗೆ ಫೋನ್ ಹಿಡಿದಿದ್ದಾಳೆ, ಹನ್ನೊಂದು ಜನ ಅನ್ನುತ್ತಿದೆ ಫೋನು, ಹಿಡಿದೇ ಇದ್ದಾನೆ, ಏಳರಲ್ಲಿ ಕಪ್ ಇದೆ, ಕೈ ಬಿಟ್ಟಿಲ್ಲ, ಹತ್ತು ನಿಮಿಷ, ಏಳನೇ ಕೊಕ್ಕೆ ಖಾಲಿಯಿಲ್ಲ, ಹಿಡಿದೇ ಇದ್ದಾನೆ.